ಅಂಗೈ ನಡುವಿನ ಹಿಟ್ಟು

ವಯಸ್ಸಾದವರ ಹೋಮಿನಲ್ಲಿ ಅತ್ತೆಯ ಎರಡೂ ಕೈಗಳಿಗೆ ಬಟ್ಟೆಯ ಚೀಲ ತೊಡಿಸಿ ಮಣಿಕಟ್ಟಿನ ಬಳಿ ಲಾಡಿ ಬಿಗಿದಿದ್ದಾರೆ. ಬಸ್ಸಿನ ಕಿಟಕಿಯ ಗಾಜು ಅದುರುತ್ತಿದೆ, ಅದರ ಮೇಲೆ ಯಾವುದೋ ಮಗುವಿನ ಅಂಗೈ ಗುರುತು, ಜಿಡ್ಡಿನದು, ಬೆರಳೆಲ್ಲ ಬಿಡಿಬಿಡಿಯಾಗಿ, ಬಿಸಿಲು ಬಿದ್ದಾಗ ಕಾಣುತ್ತದೆ, ಕಟ್ಟಡದ ನೆರಳು ಬಂದಾಗ ಇಲ್ಲ, ಮತ್ತೆ ಇದೆ — ತೊಡೆಯ ಮೇಲೆ ಗಂಟು, ಒದ್ದೆ ಬಟ್ಟೆಯ ತೇವ ನನ್ನ ಬಟ್ಟೆಗೆ ಇಳಿಯುತ್ತಿದೆ, ಪಕ್ಕದವನು ಮೂಗು ಅರಳಿಸಿ ನೋಡುತ್ತಾನೆ, ಏನಮ್ಮಾ ಅದು, ಗೋಡೆಗೆ ಸುಣ್ಣ ಬಳಿಯೋಕೆ ಹೊರಟ್ರಾ, ಹಿಟ್ಟು ಅಂದೆ, ನಂಬುವ ಮುಖವಲ್ಲ ಅವನದು, ನಂಬದಿದ್ದರೆ ಬಿಡಲಿ, ಇದು ಒಣಗಬಾರದು, ಇವತ್ತೇ ತಟ್ಟಬೇಕು, ಸಂಜೆ ಡಾಕ್ಟರು ಬರುವುದರೊಳಗೆ ತಟ್ಟಬೇಕು, ಬಂದರೆ ಮೂಗಿಗೆ ನಳಿಕೆ ಇಳಿಸುತ್ತಾರೆ, ನಳಿಕೆ ಇಳಿದ ಮೇಲೆ ಕೈ ಬಿಚ್ಚುವ ಮಾತೇ ಇಲ್ಲ, ಬಿಚ್ಚಿದರೆ ಕಿತ್ತು ಹಾಕ್ತಾರೆ ಅಂದಳು ದೊಡ್ಡ ಸಿಸ್ಟರ್, ಅಷ್ಟರೊಳಗೆ ಬಾಯಿಂದ ತಾವಾಗಿಯೇ ಏನಾದ್ರೂ ತಿಂದರೆ ಬೇರೆ ವಿಷಯ, ತಿನ್ನಲ್ವಲ್ಲಮ್ಮ ನಿಮ್ಮತ್ತೆ — ಆ ಚೀಲದ ಹೊಲಿಗೆ ಚೆನ್ನಾಗಿದೆ, ಮೊದಲ ಸಲ ನನ್ನ ಕಣ್ಣು ಹೋದದ್ದೇ ಅಲ್ಲಿಗೆ, ಎರಡು ಸಾಲು ಹೊಲಿಗೆ, ಒಳಗೆ ಹತ್ತಿ, ಅಂಚು ಬಿಚ್ಚಿಕೊಳ್ಳದ ಹಾಗೆ ಮಡಿಚಿ ಹೊಡೆದಿದ್ದಾರೆ, ಯೂನಿಫಾರಂ ಹೊಲಿಯುವವಳು ನಾನು, ದಿನವಿಡೀ ಕಾಲರು, ಕಾಲರು, ಕಾಲರು, ನನ್ನಂಥವಳೇ ಯಾರೋ ಎಲ್ಲೋ ಇದನ್ನೂ ಹೊಲಿದಿರುತ್ತಾಳೆ, ಏನಕ್ಕೆ ಸಾರ್ ಇದು, ಬೆರಳಿಗೆ ಜಾಗವೇ ಇಲ್ಲವಲ್ಲ ಅಂದಿರುತ್ತಾಳೆ, ಹೊಲಿ ನೀನು ಸುಮ್ನೆ ಅಂದಿರುತ್ತಾನೆ ಸೂಪರ್‌ವೈಸರ್, ಹೊಲಿದಿರುತ್ತಾಳೆ, ಹೀಗೇ ತಾನೇ ಎಲ್ಲವೂ ಆಗುವುದು, ಒಬ್ಬಳು ಹೊಲಿಯುತ್ತಾಳೆ, ಒಬ್ಬಳು ತೊಡಿಸುತ್ತಾಳೆ, ಒಬ್ಬ ಫೋನಿನಲ್ಲಿ ಹೂಂ ಅನ್ನುತ್ತಾನೆ, ಕಟ್ಟಿದ್ದು ಯಾರು ಅಂದರೆ ಯಾರೂ ಅಲ್ಲ. ಹೂಂ ಅಂದವರು ಇವರು, ನನ್ನ ಗಂಡ, ಅತ್ತೆಯ ಒಬ್ಬನೇ ಮಗ, ಲಾರಿಯ ಸ್ಟಿಯರಿಂಗ್ ಹಿಡಿದುಕೊಂಡೇ ಹೂಂ ಅಂದರು, ಹೋಮಿನವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತೆ ಕಣೇ, ಅಮ್ಮ ಯಾರಿಗೋ ಹೊಡೆದ್ರೆ ಹೊರಗೆ ಹಾಕ್ತಾರೆ, ಆಮೇಲೆ ಎಲ್ಲಿ ಇಟ್ಕೊಳ್ಳೋದು, ನೀನು ಶಿಫ್ಟಿಗೆ ಹೋಗ್ತೀಯ ನಾನು ರಸ್ತೇಲಿರ್ತೀನಿ — ಸುಳ್ಳಲ್ಲ, ಒಲೆ ಹಚ್ಚಿಟ್ಟು ಮರೆತಿದ್ದರು, ಬಾಗಿಲು ತೆಗೆದು ರಸ್ತೆಗಿಳಿದು ಟ್ರಾಫಿಕ್ ಪೊಲೀಸನ ಕೈ ಹಿಡಿದುಕೊಂಡು ಮನೆಗೆ ಬಂದಿದ್ದರು, ಸುಳ್ಳಲ್ಲ, ಆದರೂ ಆ ಹೂಂ ನನ್ನ ಕಿವಿಯಲ್ಲಿ ಹುಳದ ಹಾಗೆ ಕೂತಿದೆ.

ಚಪ್ಪಾಳೆ ಅಂದರು ಮೊದಲು. ನಿಮ್ಮತ್ತೆ ದಿನವಿಡೀ ಚಪ್ಪಾಳೆ ಹೊಡೀತಾರೆ, ಬೇರೆಯವರಿಗೆ ತೊಂದರೆ — ದೂರು ಕೊಟ್ಟದ್ದು ಪಕ್ಕದ ಹಾಸಿಗೆಯ ಟೀಚರ್, ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟು ಈಗ ಸೊಂಟ ಮುರಿದುಕೊಂಡು ಮಲಗಿರುವ ಮುದುಕಿ, ನಾನೇನು ಭಾಷಣ ಮಾಡಿದ್ನೇನಮ್ಮ, ಪಾಠ ಮಾಡೋವಾಗ ಒಬ್ರೂ ಚಪ್ಪಾಳೆ ಹೊಡೀಲಿಲ್ಲ, ಈಗ ಬಿದ್ಕೊಂಡಿರೋಳಿಗೆ ಹೊಡೀತಾಳೆ ಇವಳು — ನಾನೂ ನಕ್ಕಿದ್ದೆ, ನಕ್ಕು ನೋಡಿದ್ದೆ, ಟಪ್ ಟಪ್, ಒಂದು ತಿರುವು, ಟಪ್, ಅಂಗೈ ಮೇಲೆ ಅಂಗೈ, ಎರಡೂ ಪೂರ್ತಿ ಕೂಡುವುದಿಲ್ಲ, ನಡುವೆ ತೆಳ್ಳಗೆ ಜಾಗ ಉಳಿಯುತ್ತದೆ, ಅಲ್ಲೇನೋ ಇದೆ ಎಂಬಂತೆ, ಮತ್ತೆ ಟಪ್, ಕೊನೆಗೆ ಬಲಗೈ ಪಕ್ಕಕ್ಕೆ ಬೀಸಿ ಅಂಗೈ ಮಗುಚುತ್ತದೆ, ಸರಕ್ಕನೆ, ಅಲ್ಲಿ ಡಾಕ್ಟರು ಬಗ್ಗಿ ನಿಂತಿದ್ದರು ಆವತ್ತು, ಕನ್ನಡಕ ಹಾರಿ ಗೋಡೆಗೆ ಬಿತ್ತು, ಹಾಸಿಗೆಯ ತಲೆಭಾಗದ ಹಲಗೆಯ ಮೇಲೆ ಬರೆದರು, ಹೊಡೆಯುವ ಪೇಷೆಂಟ್, ಜಾಗ್ರತೆ. ಕಚೇರಿಗಳ ನೆಲ ಒರೆಸಿ ಒರೆಸಿ ಬೆರಳ ಗೆಣ್ಣು ದಪ್ಪಗಾದ ಕೈ ಅದು, ಯಾರದೋ ಬೂಟಿನ ಕೆಸರು, ಯಾರೋ ಉಗುಳಿದ್ದು, ಯಾರೋ ಚೆಲ್ಲಿದ ಕಾಫಿ, ಆ ಕೈಯ ಹೊಡೆತ ತಿನ್ನಬೇಕಾದವರು ಎಷ್ಟೋ ಜನ ಇದ್ದರು, ಒಬ್ಬರಿಗೂ ಬೀಳಲಿಲ್ಲ, ಈಗ ಹೊಡೆಯುವ ಪೇಷೆಂಟ್. ಚೀಲ ಬಂತು. ಚೀಲದೊಳಗೂ ಕೈ ನಿಲ್ಲಲಿಲ್ಲ, ಎರಡು ದಿಂಬಿನ ಮರಿಗಳು ಒಂದಕ್ಕೊಂದು ಮುಟ್ಟಿ ದೂರವಾಗಿ ಮುಟ್ಟಿ, ಸದ್ದು ಮಾತ್ರ ಇಲ್ಲ, ಟೀಚರ್ ಗೋಡೆ ಕಡೆ ತಿರುಗಿ ಮಲಗಿದರು, ಈಗ ನೋಡೋಕೂ ಆಗಲ್ಲ ಅಂದರು. ಮತ್ತೆ ಊಟ, ಆಯಾ ಚಮಚ ಬಾಯಿಗೆ ಹಿಡಿದರೆ ಅತ್ತೆ ಅದನ್ನು ತಳ್ಳಿ ತಳ್ಳಿ ಆಯಾ ಬಾಯಿಗೇ ಮುಟ್ಟಿಸುತ್ತಾರೆ, ನಂಗೇ ಉಣ್ಣಿಸೋಕೆ ಬರ್ತಾರೆ ಕಣ್ರೀ ನಿಮ್ಮತ್ತೆ, ನಾನು ಡಯಟಿಂಗ್ ಮಾಡ್ತಿದೀನಿ ಅಂತ ಹೇಳ್ರೀ ಅವರ ಭಾಷೇಲಿ, ನಗುತ್ತಿದ್ದಳು ಆಯಾ, ತಳ್ಳೋದು ಅಂದರೆ ತಿನ್ನೋಕೆ ಇಷ್ಟವಿಲ್ಲ ಅಂತ ಅರ್ಥ ಅಂದಳು ದೊಡ್ಡ ಸಿಸ್ಟರ್, ಕೆನ್ನೆ ಒಳಗೆ ಹೋಯಿತು, ಕತ್ತಿನ ಮೂಳೆ ಮೇಲೆ ಬಂತು.

ಹೇಳ್ರೀ ಅವರ ಭಾಷೇಲಿ. ಕೊನೆಗೆ ಕಲಿತದ್ದು ಮೊದಲು ಹೋಯಿತು, ನನ್ನ ಜೊತೆ ಇಷ್ಟು ವರ್ಷ ಆಡಿದ ಮಾತೆಲ್ಲ ಹೋಯಿತು, ಉಳಿದದ್ದು ಮೆಕ್ಸಿಕೋದ ಮಾತು, ಅದು ನನಗೆ ಬರುವುದು ಹಿಡಿಯಷ್ಟು, ಮಗನಿಗೆ ಅಷ್ಟೂ ಇಲ್ಲ, ಮಗನನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ಹಡಗು ಹತ್ತಿ ಬಂದವರು, ಇಲ್ಲಿ ಇಳಿದ ಮೇಲೆ ಇಲ್ಲಿಯ ಮಾತೇ ಆಡು ಮಗನೇ, ಇಲ್ಲದಿದ್ದರೆ ಆಡಿಕೊಳ್ಳುತ್ತಾರೆ ಅಂದವರು. ಅದಕ್ಕೇ ಅಂದುಕೊಂಡೆ, ಮಾತು ಅಲ್ಲಿಗೆ ಹೋಗಿದ್ದರೆ ನಾಲಿಗೆಯೂ ಅಲ್ಲಿಗೇ ಹೋಗಿರುತ್ತದೆ, ಅಲ್ಲಿಯದೇ ತಿನ್ನಿಸಬೇಕು, ಟೊರ್ಟಿಯಾ, ಮೆಕ್ಕೆಜೋಳದ ತೆಳು ರೊಟ್ಟಿ, ಮನೆಯಲ್ಲಿ ಪ್ಯಾಕೆಟ್ ಹಿಟ್ಟಿನಲ್ಲಿ ಮಾಡುತ್ತಿದ್ದರು, ಉಂಡೆಯನ್ನು ಎರಡು ಕಬ್ಬಿಣದ ಬಿಲ್ಲೆಗಳ ನಡುವೆ ಇಟ್ಟು ಹಿಡಿ ಒತ್ತಿದರೆ ಚಪ್ಪಟೆ, ಆ ಒತ್ತುಯಂತ್ರದ ಹಿಡಿ ಮುರಿಯಿತು, ಆ ಪ್ಯಾಕೆಟ್ ಬರುವುದು ನಿಂತಿತು, ಅವರೂ ಮರೆಯತೊಡಗಿದರು, ಯಾವುದು ಮೊದಲು ಎಂದು ಈಗ ನೆನಪಿಲ್ಲ. ಊರೆಲ್ಲ ಅಲೆದೆ. ನಿಜವಾದ ಮೆಕ್ಸಿಕನ್ ಎಂದು ಬೋರ್ಡು ಹಾಕಿದ ಹೋಟೆಲು, ಗೋಡೆ ತುಂಬ ಅಗಲ ಅಂಚಿನ ಟೋಪಿಗಳು, ಹಳದಿ ಚಿಪ್ಪಿನಂಥದ್ದರಲ್ಲಿ ಚೀಸ್ ಸುರಿದು ತಂದರು, ಮುಟ್ಟಿದರೆ ಪಟ್ಟನೆ ಒಡೆಯುತ್ತದೆ, ಮೆಕ್ಸಿಕೋದವರಿಗೆ ಇದೇ ಬೇಕು ಮೇಡಂ, ಎಷ್ಟು ಜನ ಮೆಕ್ಸಿಕೋದವರು ಬಂದಿದ್ದಾರಪ್ಪಾ ಇಲ್ಲಿಗೆ, ಇದುವರೆಗೂ ಒಬ್ಬ ಮೆಕ್ಸಿಕೋದವನೂ ದೂರು ಕೊಟ್ಟಿಲ್ಲ ಮೇಡಂ. ಕಟ್ಟಿಸಿಕೊಂಡು ಹೋದೆ, ಅತ್ತೆ ಬಾಯಿಗಿಟ್ಟು ಉಗುಳಿದರು, ಉಗುಳಿ ನನ್ನನ್ನು ನೋಡಿದ ನೋಟ, ನಾನೇನೋ ಅವರಮ್ಮನನ್ನು ಬೈದ ಹಾಗೆ. ದೊಡ್ಡ ಅಂಗಡಿಯ ಫ್ರಿಜ್ಜಿನಲ್ಲಿ ಗೋಧಿಯದು ಸಿಕ್ಕಿತು, ಕಾಗದ ಅಗಿದ ಹಾಗೆ. ಕಾಳು ತಂದು ನಾನೇ ಬೇಯಿಸಿದೆ, ಮಿಕ್ಸಿಯಲ್ಲಿ ರುಬ್ಬಿದೆ, ಉಂಡೆ ಕಟ್ಟಿದರೆ ಕೂಡಿಕೊಳ್ಳದು, ಮರಳು, ಬೆರಳ ಸಂದಿಯಿಂದ ಉದುರಿ ಹೋಗುತ್ತದೆ, ನಮ್ಮಮ್ಮನ ಮನೆಯಲ್ಲಿ ಬ್ರೆಡ್ಡು ಬೇಕರಿಯಿಂದ ಬರುತ್ತಿತ್ತು, ಹಿಟ್ಟಿಗೆ ಕೈ ಹಾಕಿ ಬೆಳೆದವಳಲ್ಲ ನಾನು, ಸಿಂಕಿನ ಮುಂದೆ ನಿಂತು ಅತ್ತೆ, ಅತ್ತೆ, ಏನು ಹಾಕ್ತಾರೆ ಇದಕ್ಕೆ ಹೇಳಿ ಅಂತ ನಲ್ಲಿಯನ್ನು ಕೇಳಿದೆ.

ಸುಣ್ಣ. ಸುಣ್ಣ ಹಾಕುತ್ತಾರೆ. ಇವತ್ತು ಬೆಳಿಗ್ಗೆ ಫ್ಯಾಕ್ಟರಿಯ ಹಿಂದಿನ ಗಲ್ಲಿ, ಟೈರು ಅಂಗಡಿಗಳ ಸಾಲು, ಸುಟ್ಟ ರಬ್ಬರಿನ ನಡುವೆ ಈ ವಾಸನೆ, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮಳೆಹನಿ ಬಿದ್ದಂತೆ, ಜೊತೆಗೆ ಬೆಂದ ಜೋಳ, ಕಾಲು ನಿಂತಿತು, ಅತ್ತೆಯ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಹಳೆಯ ಶಾಲಿನ ವಾಸನೆ ಅದು, ಎಷ್ಟು ಒಗೆದರೂ ಹೋಗದ್ದು, ಶಿಫ್ಟಿನ ಗಂಟೆ ಹೊಡೆಯಿತು, ಹೊಡೆದುಕೊಳ್ಳಲಿ, ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ನೋಡಿದರೆ ದೊಡ್ಡ ಹೊಟ್ಟೆಯ ಗಂಡಸು, ಬನಿಯನ್ನು, ಮೊಣಕೈವರೆಗೂ ಹಿಟ್ಟು. ಅಂಗಡಿ ಅಲ್ಲ, ಅಂದ. ಮೆಕ್ಸಿಕೋ ಕಡೆಯವನೇ, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನಂತೆ, ಕಾಯಿಲೆ ಬಿದ್ದಾಗ ಹಡಗು ಇವನನ್ನು ಇಲ್ಲಿಯ ಆಸ್ಪತ್ರೆಯಲ್ಲಿ ಬಿಟ್ಟು ಹೋಯಿತಂತೆ, ತನಗೆ ಮತ್ತು ತನ್ನ ಕಡೆಯ ನಾಲ್ಕಾರು ಜನಕ್ಕೆ ಮಾಡುತ್ತಾನಂತೆ, ಬೋರ್ಡು ಯಾಕೆ ಹಾಕಿಲ್ಲ ಅಂದೆ, ಹಾಕಿದ್ರೆ ಜನ ಬರ್ತಾರೆ, ಚೀಸ್ ಕೇಳ್ತಾರೆ, ಮುರುಕು ಮುರುಕು ಮಾತು, ಕಣ್ಣು ಮಾತ್ರ ನಗುತ್ತದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿಟ್ಟು ಸಿಪ್ಪೆ ತಿಕ್ಕಿ ತೊಳೆದು ಅರೆದರೆ ಆಗ ಕೂಡುತ್ತದೆ, ಮೊದಲು ತಿನ್ನು, ಆಮೇಲೆ ಪ್ರಶ್ನೆ, ಅಂಗೈ ಮೇಲೆ ಒಂದಿಟ್ಟ, ಕಾವಲಿಯಿಂದ ನೇರ, ಉಬ್ಬಿ ನಿಧಾನ ಇಳಿಯುತ್ತಿರುವುದು, ಅಲ್ಲಲ್ಲಿ ಕಪ್ಪು ಚುಕ್ಕೆ, ಸುಟ್ಟ ಟೊಮೆಟೊ ಮತ್ತು ಮೆಣಸಿನಕಾಯಿ ಜಜ್ಜಿದ್ದು ಒಂದು ಗೆರೆ, ಕಲ್ಲುಪ್ಪು, ಸುರುಳಿ ಸುತ್ತಿ ಕಚ್ಚಿದೆ — ಮೊದಲು ಹಬೆ, ಆಮೇಲೆ ಜೋಳದ ಸಿಹಿ, ಸಿಹಿಯ ಹಿಂದೆ ಮಣ್ಣಿನಂಥ ಏನೋ, ಖಾರ ಕೊನೆಗೆ ಬಂದು ಕಿವಿ ಹಿಡಿಯಿತು, ಅತ್ತೆ ಇಷ್ಟು ವರ್ಷ ಪ್ಯಾಕೆಟ್ ಹಿಟ್ಟಿನ ಮುಂದೆ ಯಾಕೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು ಎಂದು ನನ್ನ ಹಲ್ಲಿಗೆ ತಿಳಿಯಿತು, ಇನ್ನೊಂದು ಅಂದೆ, ನಾಚಿಕೆ ಬಿಟ್ಟು ಇನ್ನೊಂದು, ಅವನು ಉಂಡೆ ತೆಗೆದುಕೊಂಡ, ಯಂತ್ರ ಇಲ್ಲ ನನ್ನ ಹತ್ತಿರ, ನಮ್ಮಮ್ಮನ ಹಾಗೆ ಕೈಯಲ್ಲೇ, ಟಪ್ ಟಪ್, ಒಂದು ತಿರುವು, ಟಪ್. ಅಗಿಯುವುದು ನಿಂತಿತು ನನಗೆ. ಟಪ್ ಟಪ್, ತಿರುವು, ಟಪ್, ಕೊನೆಗೆ ಬಲಗೈ ಪಕ್ಕಕ್ಕೆ ಬೀಸಿ ಅಂಗೈ ಮಗುಚಿತು, ಸರಕ್ಕನೆ, ಕಾವಲಿಯ ಮೇಲೆ ಬಿತ್ತು ರೊಟ್ಟಿ, ಡಾಕ್ಟರ ಕನ್ನಡಕ ಇದ್ದ ಜಾಗದಲ್ಲಿ ಕಾವಲಿ. ಅತ್ತೆ ಕೆಲಸದಲ್ಲಿದ್ದಾರೆ. ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಾಳೆ, ಅವಳ ಕೈ ಕಟ್ಟಿದ್ದಾರೆ. ಹೇಳಿದೆ, ಎಲ್ಲ ಹೇಳಿದೆ, ಚಮಚ ತಳ್ಳುವುದನ್ನೂ ಹೇಳಿದೆ, ಹಡಗಿನವನು ಕೈ ಒರೆಸಿಕೊಂಡು ಕೇಳಿದ, ಅವರು ತಿನ್ನೋ ಮುಂಚೆ ಯಾರು ತಿಂತಾರೆ ಅಲ್ಲಿ, ಯಾರೂ ಇಲ್ಲ, ಅವರೊಬ್ಬರಿಗೇ ಕೊಡೋದು, ಅದಕ್ಕೇ ತಿಂತಿಲ್ಲ ಅಂದ. ತಟ್ಟೋಳು ಕೊನೆಗೆ. ನಮ್ಮಮ್ಮ ಹಂಗೇ. ಎಲ್ಲರೂ ಸಾಕು ಅನ್ನಬೇಕು. ಬಾಗಿಲಲ್ಲಿ ಒಬ್ಬ ಬರಿಗೈಲಿ ನಿಂತಿದ್ರೂ ಅವನಿಗೆ ಕೊಟ್ಟೇ ತನಗೆ. ಮನೆಯಲ್ಲಿ ಅತ್ತೆ ಸಿಂಕಿನ ಪಕ್ಕ ನಿಂತು ಕೊನೆಗೆ ತಿನ್ನುತ್ತಿದ್ದರು, ಕೂತ್ಕೊಳ್ಳಿ ಅತ್ತೆ ಅಂದರೆ ನೀನು ತಿನ್ನು ಮಗಳೇ ಅನ್ನುತ್ತಿದ್ದರು, ಸಂಕೋಚ ಅಂದುಕೊಂಡಿದ್ದೆ, ಸಂಕೋಚವಲ್ಲ, ಅದೂ ಒಂದು ಕಟ್ಟು, ಎಳೆಯ ಹುಡುಗಿಯ ಹೊಟ್ಟೆಗೆ ಯಾವ ಮನೆಯವರೋ ಬಿಗಿದ ಲಾಡಿ, ಹಸಿವು ಕೊನೆಯ ಪಾಳಿಯಲ್ಲಿ ನಿಲ್ಲಬೇಕು ಎಂದು, ಎಲ್ಲ ಮರೆತರೂ ಅದನ್ನು ಮರೆಯದ ಹಾಗೆ ಬಿಗಿದಿದ್ದಾರೆ, ಅವರನ್ನು ಯಾವ ಕೋರ್ಟಿಗೆ ಎಳೆಯಲಿ, ಈ ಚೀಲ ಕಟ್ಟಿದವರನ್ನು ಯಾವ ಕೋರ್ಟಿಗೆ. ಅವನು ಹಿಟ್ಟಿನ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿದ, ಡ್ರಮ್ಮಿನ ಮುಚ್ಚಳ ಕತ್ತರಿಸಿ ಮಾಡಿದ ಕಾವಲಿಯನ್ನು ಪೇಪರಿನಲ್ಲಿ ಸುತ್ತಿದ, ಕಾವಲಿ ವಾಪಸ್ ತಾ, ಅತ್ತೇನೂ ತಾ ಅಂದ.

ಇಳಿಯಿರಿ ಇಳಿಯಿರಿ ಅನ್ನುತ್ತಾನೆ ಕಂಡಕ್ಟರು, ಮಗುವಿನ ಅಂಗೈ ಗಾಜಿನ ಮೇಲೇ ಉಳಿಯಿತು, ಹೋಮಿನ ಮೆಟ್ಟಿಲು, ಫಿನೈಲು, ಕಾರಿಡಾರಿನಲ್ಲಿ ಗಾಲಿಕುರ್ಚಿಗಳು ಗೋಡೆಗೆ ಮುಖ ಮಾಡಿ ಸಾಲಾಗಿ, ಆಯಾ, ಒಂದುಪಕಾರ ಮಾಡು, ನೀನು ಹಾಲು ಕಾಯಿಸೋ ಕರೆಂಟ್ ಒಲೆ ತಾ, ಅಯ್ಯೋ ಕೆಲಸ ಹೋಗುತ್ತೆ ಕಣ್ರೀ ನಂದು, ಹೋದ್ರೆ ನಿಮ್ಮನೇಲೇ ಇಟ್ಕೋಬೇಕು ನನ್ನ, ಅನ್ನುತ್ತಲೇ ತಂದಳು, ಬಾಗಿಲು ಮುಂದೆ ಮಾಡಿದಳು, ಔಷಧಿಯ ಟ್ರಾಲಿ ಖಾಲಿ ಮಾಡಿ ಅತ್ತೆಯ ಬಲಗಡೆಗೆ, ಅಲ್ಲೇ, ಡಾಕ್ಟರು ನಿಲ್ಲುವಲ್ಲೇ, ಒಲೆ, ಅದರ ಮೇಲೆ ಕಾವಲಿ. ಲಾಡಿ ಎಳೆದೆ. ಗಂಟು ಬಿಗಿಯಾಗಿತ್ತು, ಹಲ್ಲು ಹಚ್ಚಿದೆ, ಚೀಲ ಕಳಚಿದರೆ ಒಳಗೆ ಕೈ ಬೆವರಿ ಬಿಳುಚಿ ಸುಕ್ಕುಗಟ್ಟಿದೆ, ನೀರಲ್ಲಿ ಮುಳುಗಿದವರ ಕೈಯಂತೆ, ಮಣಿಕಟ್ಟಿನ ಸುತ್ತ ಕೆಂಪು ಗೆರೆ, ಎರಡೂ ಅಂಗೈ ಗಾಳಿಯಲ್ಲಿ ನಿಂತಿವೆ, ನಡುವೆ ತೆಳ್ಳನೆ ಜಾಗ, ಆ ಜಾಗದಲ್ಲಿ ಉಂಡೆ ಇಟ್ಟೆ. ಏನೂ ಆಗಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಅಲುಗಿತು. ಬೆರಳು ಒತ್ತಿ ನೋಡಿದವು, ಬಟ್ಟೆ ಕೊಳ್ಳುವವಳು ಅಂಚು ಹಿಡಿದು ನೋಡುವ ಹಾಗೆ, ಆಮೇಲೆ ಟಪ್. ಮೊದಲನೆಯದು ಹರಿದು ಹಾಸಿಗೆಗೆ ಬಿತ್ತು, ಎರಡನೆಯದು ಒಂದು ಕಡೆ ದಪ್ಪ, ಲೊಚಗುಟ್ಟಿದರು, ನನ್ನ ಮೇಲೆ, ನೀರು ಎಲ್ಲಿ ಎಂಬಂತೆ ಬೆರಳು ಎಡಕ್ಕೆ ಹುಡುಕಿದವು, ಲೋಟ ಹಿಡಿದೆ, ಅದ್ದಿಕೊಂಡರು, ಟಪ್ ಟಪ್, ತಿರುವು, ಟಪ್, ಕೈ ಬೀಸಿತು, ಬಿತ್ತು, ಕಾವಲಿಯ ನಟ್ಟನಡುವೆ, ದುಂಡಗೆ. ಟೀಚರ್ ಗೋಡೆಯಿಂದ ಈ ಕಡೆ ತಿರುಗಿದರು, ಸೊಂಟ ಹಿಡಿದುಕೊಂಡು, ಏನೇ ಅದು ವಾಸನೆ, ಬೆಂದದ್ದನ್ನು ಅತ್ತೆ ಬರಿಬೆರಳಿನಿಂದ ಮಗುಚಿದರು, ಎತ್ತಿ ನನಗೆ ಚಾಚಿದರು, ಅಕ್ಕ ಅಂದರು, ಅವರ ಭಾಷೆಯ ಅಕ್ಕ, ನನಗೆ ಬರುವ ಹಿಡಿಯಷ್ಟು ಪದಗಳಲ್ಲಿ ಅದೊಂದು, ನಾನು ಸೊಸೆ ಅತ್ತೆ, ಅಲ್ಲ, ಅಕ್ಕನೇ ಆಗಿರಲಿ, ಯಾವ ಒಲೆಯ ಮುಂದೆ ನಿಂತಿದ್ದೀರೋ ಅಲ್ಲಿಯ ಅಕ್ಕ, ತಿಂದೆ. ಆಯಾಗೆ ಒಂದು, ಡಯಟಿಂಗ್ ನಾಳೆಯಿಂದ ಅಂದಳು ಆಯಾ. ಟೀಚರಿಗೆ ಒಂದು, ಟೀಚರ್ ಅಗಿದರು, ತುಂಬ ಹೊತ್ತು ಅಗಿದರು, ಇದಕ್ಕಾ ಇವಳು ಅಷ್ಟು ದಿನ, ಅಂದು ನಿಲ್ಲಿಸಿದರು, ಇನ್ನೊಂದು ಕೊಡು ಅಂದರು, ಕಣ್ಣು ಒರೆಸಿಕೊಂಡರು, ಹೊಗೆ ಅಂದರು, ಹೊಗೆ ಇರಲಿಲ್ಲ. ಸಾಕು ಅತ್ತೆ, ಅಂದೆ, ಹೊಟ್ಟೆ ಮುಟ್ಟಿ ತೋರಿಸಿದೆ, ಸಾಕು ಅಂದಳು ಆಯಾ, ಸಾಕು ತಾಯಿ ಅಂದರು ಟೀಚರ್, ಅತ್ತೆ ಒಬ್ಬೊಬ್ಬರ ಮುಖ ನೋಡಿದರು, ಕೈ ನಿಧಾನವಾಯಿತು, ಕೊನೆಯದು ಕಾವಲಿಯ ಮೇಲೆ ಉಬ್ಬಿತು, ಎತ್ತಿಕೊಂಡರು, ಮುರಿದರು, ತುಣುಕು ತುಟಿಯ ಹತ್ತಿರ ಬಂತು, ತುಟಿ ತೆರೆಯಿತು, ಎಷ್ಟೋ ದಿನಗಳ ಮೇಲೆ ತಾನಾಗಿ ತೆರೆದ ಬಾಯಿ, ಒಳಗೆ ಒಣಗಿದ ನಾಲಿಗೆ, ತಿನ್ನಿ ಅತ್ತೆ, ತಿನ್ನಿ ತಿನ್ನಿ ತಿನ್ನಿ, ಬಾಗಿಲು ತೆರೆಯಿತು.

ಏನಿದು ಅಂತಾಳೆ ದೊಡ್ಡ ಸಿಸ್ಟರ್. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸುರುಳಿ ಸುತ್ತಿದ ನಳಿಕೆ, ಡಾಕ್ಟರು ಕೆಳಗೆ ಬಂದಾಗಿದೆ, ಬೆಂಕಿ ಹಚ್ಕೊಂಡು ಕೂತಿದ್ದೀರಲ್ಲ, ಬುದ್ಧಿ ಬೇಡ್ವಾ ನಿಮಗೆ, ಆಯಾ ನಿನ್ನದು ಆಮೇಲೆ ಮಾತಾಡ್ತೀನಿ, ನಾನು ಹೇಳುತ್ತಿದ್ದೇನೆ, ಚಪ್ಪಾಳೆ ಅಲ್ಲ ಸಿಸ್ಟರ್, ಹೊಡೆತ ಅಲ್ಲ, ಎಲ್ಲರೂ ತಿಂದ ಮೇಲೆ ತಿಂತಾರೆ ಅವರು, ಈಗ ತಿಂತಿದ್ರು, ಬಾಯಿ ತೆಗೆದಿದ್ರು, ಕೇಳಿ ಟೀಚರನ್ನ, ಹೌದು ಕಣಮ್ಮ ಅನ್ನುತ್ತಾರೆ ಟೀಚರ್, ನನ್ನ ದೂರು ವಾಪಸ್ ತಗೊಂಡೆ ಅನ್ನುತ್ತಾರೆ, ತಿಂದ್ರಾ, ಇಲ್ಲ, ಇನ್ನೂ ಇಲ್ಲ, ನೀವು ಬಂದ್ರಿ — ಅತ್ತೆಯ ತುಣುಕು ತುಟಿಯಿಂದ ಕೆಳಗಿಳಿದಿದೆ, ಅತ್ತೆ ಬಾಗಿಲನ್ನು ನೋಡುತ್ತಿದ್ದಾರೆ, ಬಾಗಿಲಲ್ಲಿ ಒಬ್ಬರು ತಿನ್ನದೆ ನಿಂತಿದ್ದಾರೆ, ಮುರಿದದ್ದನ್ನು ಜೋಡಿಸಿ ಅಂಗೈ ಮೇಲಿಟ್ಟು ಚಾಚುತ್ತಾರೆ, ದೊಡ್ಡ ಸಿಸ್ಟರಿಗೆ, ಒಂದು ತುತ್ತು ತಗೊಳ್ಳಿ ಸಿಸ್ಟರ್, ಒಂದೇ ತುತ್ತು, ಸಾಕು ಅನ್ನಿ, ನೀವು ಸಾಕು ಅಂದರೆ ಅವರು ತಿಂತಾರೆ, ಪೇಷೆಂಟುಗಳ ಕೈಯಿಂದ ನಾವು ಏನೂ ತಿನ್ನಂಗಿಲ್ಲ, ರೂಲ್ಸ್ ಅದು, ತುತ್ತು ಬೇಡ, ಚೂರು, ಉಗುರಿನಷ್ಟು, ನೋಡಮ್ಮ ನಂಗೆ ಟೈಮಿಲ್ಲ, ಫೋನು ಅದುರುತ್ತದೆ, ಇವರೇ, ಅಲ್ಲೇನೇ ಮಾಡ್ತಿದ್ದೀಯ, ಹೋಮಿಂದ ಫೋನ್ ಬಂತು, ಅವರು ಹೇಳಿದಂಗೆ ಮಾಡೇ, ದಮ್ಮಯ್ಯ ಅಂತೀನಿ, ಹೊರಗೆ ಹಾಕಿದ್ರೆ ಎಲ್ಲಿಗೆ — ಎಲ್ಲಿಗೆ, ಗೊತ್ತಿಲ್ಲ ಎಲ್ಲಿಗೆ, ನಾಳೆ ಶಿಫ್ಟಿಗೆ ಹೋದರೆ ಅತ್ತೆಯನ್ನು ಯಾರು ನೋಡುವುದು ಗೊತ್ತಿಲ್ಲ, ಇವತ್ತು ಶಿಫ್ಟಿಗೆ ಹೋಗದಿದ್ದಕ್ಕೆ ಕೆಲಸ ಇದೆಯೋ ಗೊತ್ತಿಲ್ಲ, ಫೋನು ಹಾಸಿಗೆಯ ಮೇಲೆ ಬಿದ್ದಿದೆ, ಒಳಗೆ ಹಲೋ ಹಲೋ ಅನ್ನುತ್ತಿದೆ, ದೊಡ್ಡ ಸಿಸ್ಟರ್ ಚೀಲಗಳನ್ನು ಎತ್ತಿ ನನ್ನ ಮಡಿಲಿಗೆ ಹಾಕುತ್ತಾಳೆ, ಎರಡು ಸಾಲು ಹೊಲಿಗೆ, ನಿಮ್ಮ ಕೈಯಲ್ಲೇ ಕಟ್ಟಿ, ನಿಮ್ಮ ಮಾತು ಕೇಳ್ತಾರೆ ಅವರು, ಕಟ್ಟಿ, ಡಾಕ್ಟರು ಮೆಟ್ಟಿಲು ಹತ್ತುವ ಸದ್ದು, ಕಟ್ಟಿ ಅಂದ್ನಲ್ಲಮ್ಮ, ಕಟ್ಟಲ್ಲ. ಏನಂದ್ರಿ. ಕಟ್ಟಲ್ಲ ಸಿಸ್ಟರ್, ನೀವು ಮೊದಲು ತಿನ್ನಿ, ಅತ್ತೆಯ ಕೈ ಇನ್ನೂ ಚಾಚಿದೆ, ಮಣಿಕಟ್ಟಿನ ಸುತ್ತ ಕೆಂಪು ಗೆರೆ, ಅಂಗೈ ಮೇಲೆ ರೊಟ್ಟಿ, ಹಬೆ ತೆಳ್ಳಗಾಗುತ್ತಿದೆ, ಕಟ್ಟಲ್ಲ, ಅಂಗೈ, ಅಂಗೈ ಮೇಲೆ ರೊಟ್ಟಿ, ಚಾಚಿದ ಅಂಗೈ